ಶಿಯರ್ ಬೋಲ್ಟ್ ಮುರಿದರೆ ಗಟ್ಟಿ ಬೋಲ್ಟ್ ಹಾಕಬೇಡಿ

ಮುಂಗಾರಿಗೆ ಆಲೂಗಡ್ಡೆ ಹೊಲ ಹದ ಮಾಡುವ ಹಾಸನದ ಕಡೆ ಅಣ್ಣತಮ್ಮಂದಿರು ಇದನ್ನೊಮ್ಮೆ ಓದಿ. ಟ್ರ್ಯಾಕ್ಟರ್ ಹಿಂದೆ ಮಣ್ಣು ಪುಡಿ ಮಾಡೋ ರೋಟವೇಟರ್‌ಗೆ ಕಲ್ಲೋ ಬೇರೋ ಸಿಕ್ಕಿದಾಗ ಪಿಟಿಒ ಶಾಫ್ಟಿನ (ಟ್ರ್ಯಾಕ್ಟರಿನ ಶಕ್ತಿಯನ್ನ ರೋಟವೇಟರ್‌ಗೆ ಮುಟ್ಟಿಸೋ ತಿರುಗುವ ದಂಡ) ಶಿಯರ್ ಬೋಲ್ಟ್ ಮುರಿಯುತ್ತೆ. ಅದು ಮುರಿಯೋಕೇ ಇರೋದು. ಅದು ತುಂಡಾದ್ರೆ ಗೇರ್‌ಬಾಕ್ಸ್ ಉಳಿಯುತ್ತೆ.

ನಮ್ಮ ಹೊಲದಲ್ಲಿ ಒಂದೇ ಬೆಳಗ್ಗೆ ಮೂರು ಬೋಲ್ಟ್ ಹೋದಾಗ, ಬೇಸತ್ತು ಕೈಗೆ ಸಿಕ್ಕ ಕಪ್ಪು ಅಲೆನ್ ಬೋಲ್ಟ್ (ತಲೆಯಲ್ಲಿ ಆರು ಮೂಲೆ ಗುಳಿ ಇರೋದು) ಹಾಕಿದೆ. ಸಂಜೆಯೊಳಗೆ ಗೇರಿನ ಹಲ್ಲುಗಳೇ ಕಿತ್ತು ಬಂದವು. ಎಣ್ಣೆಯಲ್ಲಿ ಬೆಳ್ಳಿ ಪುಡಿಯಂಗೆ ಕಬ್ಬಿಣ ಮಿನುಗುತ್ತಿತ್ತು, ಹೊಟ್ಟೆ ಉರಿದುಹೋಯ್ತು.

ಬೋಲ್ಟಿನ ತಲೆ ಮೇಲಿರೋ ನಂಬರ್ ನೋಡಿ, ಅದೇ ಗ್ರೇಡ್. 8.8 ಅಂದ್ರೆ ಚದರ ಮಿಲಿಮೀಟರಿಗೆ ಸುಮಾರು 800 ನ್ಯೂಟನ್ ಎಳೆತ ತಡೆಯುತ್ತೆ, 12.9 ಅಂದ್ರೆ 1200. ಅಲೆನ್ ಬೋಲ್ಟ್ ಸಾಮಾನ್ಯವಾಗಿ 12.9, ಅದಕ್ಕೇ ಅದು ಮುರಿಯಲ್ಲ, ಬೇರೆ ಏನೋ ಮುರಿಯುತ್ತೆ. ನಿಮ್ಮ ಯಂತ್ರದ ಪುಸ್ತಕದಲ್ಲಿ ಹೇಳಿರೋ ದಪ್ಪ, ಗ್ರೇಡ್ ಎರಡೂ ಹೊಂದಬೇಕು. ಕತ್ತರಿಸುವ ಜಾಗಕ್ಕೆ ಥ್ರೆಡ್ (ತಿರುಪಿನ ಗೆರೆ) ಇಲ್ಲದ ನುಣುಪಾದ ಭಾಗ ಬರುವಷ್ಟು ಉದ್ದದ ಬೋಲ್ಟ್ ತಗೊಳ್ಳಿ. ಥ್ರೆಡ್ ಅಲ್ಲಿ ಬಂದ್ರೆ ಬೇಗ ಮುರಿಯುತ್ತೆ.

ಪದೇ ಪದೇ ಮುರೀತಿದ್ರೆ ತೂತು ಸವೆದು ದೊಡ್ಡದಾಗಿದೆಯಾ ನೋಡಿ, ಬೋಲ್ಟ್ ಅಲ್ಲಾಡಿ ದಣಿಯುತ್ತೆ. ಸಡಿಲಾಗದಂತೆ ನೈಲಾನ್ ನಟ್ ಹಾಕಿ. ಸರಿಯಾದ ಬೋಲ್ಟ್ ಐದಾರು ಟ್ರ್ಯಾಕ್ಟರಿನ ಡಬ್ಬಿಯಲ್ಲೇ ಇರಲಿ. ಬದಲಿಸುವಾಗ ಇಂಜಿನ್ ಆಫ್ ಮಾಡಿ ಕೀ ತೆಗೆದು ಜೇಬಲ್ಲಿಟ್ಕೊಳ್ಳಿ, ಶಾಫ್ಟ್ ಪೂರಾ ನಿಂತ ಮೇಲೇ ಕೈ ಹಾಕಿ.