ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಬ್ರೌಸರ್ ಸ್ಲೋ: ತಡವಾಗುತ್ತಿದ್ದುದು ಪುಟವಲ್ಲ, ಚಿತ್ರ

ನನ್ನ ಕೆಲಸವೆಲ್ಲ ನಡೆಯುವುದು ದೂರದಲ್ಲೆಲ್ಲೋ ಇರುವ ಒಂದು ವಿಂಡೋಸ್ ಸರ್ವರ್‌ನಲ್ಲಿ. ಅದರ ಸ್ಕ್ರೀನನ್ನು ರಿಮೋಟ್ ಡೆಸ್ಕ್‌ಟಾಪ್ ಮೂಲಕ ನನ್ನ ಮುಂದೆ ತಂದುಕೊಂಡು ಕೆಲಸ ಮಾಡುತ್ತೇನೆ. ಎಕ್ಸೆಲ್, ಫೈಲ್ ಕಾಪಿ, ಟರ್ಮಿನಲ್ ಯಾವುದಕ್ಕೂ ತೊಂದರೆ ಇರಲಿಲ್ಲ. ಬ್ರೌಸರ್ ತೆರೆದರೆ ಮಾತ್ರ ತಲೆನೋವು. ಸ್ಕ್ರಾಲ್ ಮಾಡಿದರೆ ಪುಟ ತುಂಡು ತುಂಡಾಗಿ ಬರುತ್ತಿತ್ತು. ಹುಡುಕಾಟದ ಬಾಕ್ಸ್‌ನಲ್ಲಿ ಟೈಪ್ ಮಾಡಿದ ಅಕ್ಷರ ಸ್ವಲ್ಪ ಹೊತ್ತಾದ ಮೇಲೆ ಕಾಣುತ್ತಿತ್ತು.

ಇಂಥ ಹೊತ್ತಿನಲ್ಲಿ ಎಲ್ಲರೂ ಮೊದಲು ಸ್ಪೀಡ್ ಟೆಸ್ಟ್ ಮಾಡುತ್ತಾರೆ. ರಿಮೋಟ್ ಸೆಷನ್ ಒಳಗೆ, ಅಂದರೆ ಆ ಸರ್ವರ್‌ನಲ್ಲೇ ಮಾಡಿದರೆ ಅದು ತೋರಿಸುವುದು ಸರ್ವರ್‌ನ ಇಂಟರ್ನೆಟ್ ವೇಗ, ನಮ್ಮದಲ್ಲ. ಡೇಟಾ ಸೆಂಟರ್‌ನಲ್ಲಿರುವ ಮೆಷಿನ್‌ಗೆ ನಂಬರ್ ಚೆನ್ನಾಗಿಯೇ ಬರುತ್ತದೆ, ನಮ್ಮ ಪಾಡು ಹಾಗೇ ಇರುತ್ತದೆ. ಮೊದಲು ವೆಬ್‌ಸೈಟಿನಿಂದ ಸರ್ವರ್‌ಗೆ ಪುಟ ಬರಬೇಕು. ಆಮೇಲೆ ಸರ್ವರ್ ಅದನ್ನು ಬಿಡಿಸಿ, ಆ ಚಿತ್ರವನ್ನು ನಮ್ಮ ಸ್ಕ್ರೀನ್‌ಗೆ ಕಳಿಸಬೇಕು. ಇವೆರಡರಲ್ಲಿ ತಡವಾಗುತ್ತಿರುವುದು ಯಾವುದು ಅಂತ ನೋಡದೆ ಸೆಟ್ಟಿಂಗ್ ಮುಟ್ಟುವುದು ಸುಮ್ನೆ ಟೈಮ್ ಹಾಳು.

ಸರ್ವರ್‌ನ ಬ್ರೌಸರ್‌ನಲ್ಲಿ ಎಫ್12 ಒತ್ತಿ, ನೆಟ್‌ವರ್ಕ್ ಟ್ಯಾಬ್‌ಗೆ ಹೋಗಿ ಪುಟವನ್ನು ರೀಲೋಡ್ ಮಾಡಿದೆ. ಕೆಳಗಿನ ಪಟ್ಟಿಯಲ್ಲಿ ಲೋಡ್ ಆದ ಸಮಯ ಇರುತ್ತದೆ. ಅದು ಎರಡು ಸೆಕೆಂಡ್ ಕೂಡ ದಾಟಿರಲಿಲ್ಲ. ಪುಟ ಆಗಲೇ ಬಂದು ಕೂತಿತ್ತು, ನನ್ನ ಸ್ಕ್ರೀನ್ ಮಾತ್ರ ಇನ್ನೂ ತೆವಳುತ್ತಿತ್ತು. ಬ್ರೌಸರ್ ಮುಚ್ಚಿ ನೋಟ್‌ಪ್ಯಾಡ್‌ನಲ್ಲಿ ಟೈಪ್ ಮಾಡಿದೆ, ಚುರುಕು. ಪಕ್ಕದಲ್ಲಿ ಬ್ರೌಸರ್ ತೆರೆದಿಟ್ಟರೆ ನೋಟ್‌ಪ್ಯಾಡ್ ಕೂಡ ತಡವರಿಸಿತು.

ಕ್ರೋಮ್‌ನಲ್ಲಿ ಶಿಫ್ಟ್ ಜೊತೆ ಎಸ್ಕೇಪ್ ಒತ್ತಿದರೆ ಅದರದೇ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅಲ್ಲಿ 'ಜಿಪಿಯು ಪ್ರೊಸೆಸ್' (ಗ್ರಾಫಿಕ್ಸ್ ಕೆಲಸ) ಅನ್ನುವ ಸಾಲು ಸಿಪಿಯುವನ್ನು ನುಂಗುತ್ತಿತ್ತು. ಸರ್ವರ್‌ನಲ್ಲಿ ಗ್ರಾಫಿಕ್ಸ್ ಕಾರ್ಡೇ ಇಲ್ಲ, ಹಾಗಾಗಿ ಆ ಕೆಲಸವೂ ಸಿಪಿಯು ತಲೆಗೇ ಬಂದಿತ್ತು. ಸೆಟ್ಟಿಂಗ್ಸ್‌ನ ಸಿಸ್ಟಮ್ ಭಾಗದಲ್ಲಿ ಗ್ರಾಫಿಕ್ಸ್ ಆಕ್ಸಲರೇಷನ್ ಆಫ್ ಮಾಡಿ ಬ್ರೌಸರ್ ಮತ್ತೆ ತೆರೆದೆ. ಸ್ಕ್ರಾಲ್ ಅರ್ಧ ಸರಿಹೋಯಿತು. ಒಳ್ಳೆಯ ಕಾರ್ಡ್ ಇರುವ ಮೆಷಿನ್‌ನಲ್ಲಿ ಇದೇ ಸೆಟ್ಟಿಂಗ್ ಉಲ್ಟಾ ಹೊಡೆಯಬಹುದು, ಎರಡೂ ಮಾಡಿ ನೋಡಬೇಕು.

ಉಳಿದರ್ಧಕ್ಕೆ ಕಾರಣ ಕುಣಿಯುವ ಜಾಹೀರಾತುಗಳು. ರಿಮೋಟ್ ಡೆಸ್ಕ್‌ಟಾಪ್ ಕಳಿಸುವುದು ಸ್ಕ್ರೀನ್‌ನಲ್ಲಿ ಬದಲಾದ ಭಾಗವನ್ನು ಮಾತ್ರ. ನಿಂತ ಪುಟಕ್ಕೆ ಹೆಚ್ಚೇನೂ ಖರ್ಚಿಲ್ಲ. ಮೂಲೆಯಲ್ಲಿ ಒಂದು ಬ್ಯಾನರ್ ಮಿನುಗುತ್ತಿದ್ದರೆ ಆ ಭಾಗವನ್ನು ಮತ್ತೆ ಮತ್ತೆ ಕುಗ್ಗಿಸಿ ಕಳಿಸುತ್ತಲೇ ಇರಬೇಕು, ನಾವು ಅದನ್ನು ನೋಡದಿದ್ದರೂ. ಆಡ್ ಬ್ಲಾಕರ್ ಹಾಕಿದೆ. ಸೆಟ್ಟಿಂಗ್‌ಗಳಿಗಿಂತ ಜಾಸ್ತಿ ಉಪಕಾರವಾಗಿದ್ದು ಇದರಿಂದಲೇ ಅಂತ ನನ್ನ ಅನಿಸಿಕೆ.

ಸ್ಕ್ರೀನ್ ಸೈಜ್ ಕೂಡ ನೋಡಿಕೊಳ್ಳಿ. ನನ್ನ ಮಾನಿಟರ್ 4ಕೆ. 3840×2160 ಅಂದರೆ 1920×1080ರ ನಾಲ್ಕು ಪಟ್ಟು ಪಿಕ್ಸೆಲ್. ಕನೆಕ್ಟ್ ಆಗುವ ಮುಂಚೆ ರಿಮೋಟ್ ಡೆಸ್ಕ್‌ಟಾಪ್‌ನ ಡಿಸ್‌ಪ್ಲೇ ಟ್ಯಾಬ್‌ನಲ್ಲಿ ಸ್ಕ್ರೀನ್ ಸೈಜಿನ ಸ್ಲೈಡರ್ ಇಳಿಸಿದೆ, ಹೊರೆ ಇಳಿಯಿತು.

ಇಷ್ಟಾದರೂ ಕೆಲವೊಮ್ಮೆ ಸ್ಕ್ರೀನ್ ಗಕ್ಕನೆ ನಿಂತು, ಆಮೇಲೆ ಒಟ್ಟಿಗೇ ಓಡುತ್ತಿತ್ತು. ಫುಲ್ ಸ್ಕ್ರೀನ್‌ನಲ್ಲಿ ಮೇಲೆ ಕಾಣುವ ಪಟ್ಟಿಯಲ್ಲಿ ಸಿಗ್ನಲ್ ಕಡ್ಡಿಗಳ ಐಕಾನ್ ಇದೆ, ಅಲ್ವಾ? ಅದನ್ನು ಒತ್ತಿದರೆ ಸಂಪರ್ಕ ಹೇಗಿದೆ, ಯುಡಿಪಿ (ಕಳೆದುಹೋದ ತುಂಡಿಗಾಗಿ ಕಾಯದೆ ಡೇಟಾ ಕಳಿಸುವ ವಿಧಾನ) ಚಾಲೂ ಇದೆಯೇ ಅಂತ ಹೇಳುತ್ತದೆ. ನನ್ನದರಲ್ಲಿ ಯುಡಿಪಿ ಸುಳಿವೇ ಇರಲಿಲ್ಲ. 2012ರಲ್ಲಿ ವಿಂಡೋಸ್ 8 ಜೊತೆ ಬಂದ ಆರ್‌ಡಿಪಿ 8ರಿಂದ (ಆರ್‌ಡಿಪಿ ಅಂದರೆ ರಿಮೋಟ್ ಡೆಸ್ಕ್‌ಟಾಪ್‌ನ ಪ್ರೋಟೋಕಾಲ್) ಈ ಸೌಲಭ್ಯ ಇದೆ. ಬರೀ ಟಿಸಿಪಿ (ಎಲ್ಲವನ್ನೂ ಸರದಿಯಲ್ಲೇ ತಲುಪಿಸುವ ವಿಧಾನ) ಆದರೆ ಒಂದು ಪ್ಯಾಕೆಟ್, ಅಂದರೆ ಡೇಟಾದ ತುಂಡು, ಕಳೆದುಹೋದರೂ ಅದು ಮತ್ತೆ ಬರುವ ತನಕ ಅದರ ಹಿಂದೆ ಬರುವುದೆಲ್ಲ ಕಾಯಬೇಕು. ಫೈರ್‌ವಾಲ್‌ನಲ್ಲಿ ರಿಮೋಟ್ ಡೆಸ್ಕ್‌ಟಾಪ್ ಬಳಸುವ ಪೋರ್ಟ್ 3389 ಟಿಸಿಪಿಗೆ ಮಾತ್ರ ತೆರೆದಿತ್ತು. ನೆಟ್‌ವರ್ಕ್ ನೋಡಿಕೊಳ್ಳುವವರಿಗೆ ಹೇಳಿ, ವಿಪಿಎನ್ (ಖಾಸಗಿ ಸುರಕ್ಷಿತ ಸಂಪರ್ಕ) ಒಳಗಿನಿಂದ ಯುಡಿಪಿಗೂ ತೆರೆಸಿದೆ. ಈ ಪೋರ್ಟನ್ನು ನೇರ ಇಂಟರ್ನೆಟ್‌ಗೆ ತೆರೆದಿಡುವುದು ಮಾತ್ರ ಬೇಡವೇ ಬೇಡ.

ಸಹೋದ್ಯೋಗಿಯೊಬ್ಬರ ಕಥೆ ಬೇರೆ. ಅವರಿಗೆ ಸ್ಕ್ರಾಲ್ ಚೆನ್ನಾಗಿತ್ತು, ಹೊಸ ಸೈಟ್ ತೆರೆಯುವಾಗ ಮಾತ್ರ ಪುಟ ಬಿಳಿಯಾಗಿ ನಿಲ್ಲುತ್ತಿತ್ತು. ಇದು ಚಿತ್ರದ ತೊಂದರೆಯಲ್ಲ. ಸರ್ವರ್‌ನ ಡಿಎನ್‌ಎಸ್ (ಸೈಟಿನ ಹೆಸರಿನಿಂದ ಅದರ ಐಪಿ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಪಟ್ಟಿಯಲ್ಲಿ ಮೊದಲಿದ್ದ ವಿಳಾಸ ಸತ್ತಿತ್ತು. ಅದು ಉತ್ತರ ಕೊಡದೆ ಸಮಯ ಮುಗಿದ ಮೇಲೆ ಎರಡನೆಯದರ ಸರದಿ ಬರುತ್ತಿತ್ತು. ವಿಳಾಸ ಬದಲಿಸಿದ ಕೂಡಲೇ ಸರಿಹೋಯಿತು.

ವಿಡಿಯೊ ನೋಡುವುದನ್ನು ನಾನು ಸೆಷನ್ ಒಳಗೆ ಬಿಟ್ಟೇಬಿಟ್ಟೆ. ಲಿಂಕ್ ಕಾಪಿ ಮಾಡಿ ನನ್ನ ಲ್ಯಾಪ್‌ಟಾಪ್‌ನ ಬ್ರೌಸರ್‌ನಲ್ಲೇ ತೆರೆಯುತ್ತೇನೆ.