ಸುಣ್ಣ ಹಾಕೋದು ಬಿಟ್ಟೆ, ಮೀನಿನ ಗಾಯ ರೋಗ ಹತೋಟಿಗೆ ಬಂತು: ನನ್ನ ಅನುಭವ

ಮೀನಿಗೆ ಗಾಯ ರೋಗ ಬಂದರೆ ಹೊಂಡಕ್ಕೆ ಸುಣ್ಣ ಹಾಕೋದು ರೂಢಿ. ಸುಣ್ಣ ಹಾಕದೆ ಅದನ್ನ ನಿಲ್ಲಿಸ್ತೀನಿ ಅಂದಾಗ ನಮ್ಮ ಶಹಾಪುರ ಕಡೆಯ ಮೀನಿನವರೆಲ್ಲ ನಕ್ಕಿದ್ದರು. ಈಗ ನಿಂತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ನಂದು 2 ಎಕರೆ ಹೊಂಡ, ಎರೆ ಭೂಮಿ, ನಾರಾಯಣಪುರ ಎಡದಂಡೆ ಕಾಲುವೆ ನೀರು. ಕಾಟ್ಲಾ, ರೋಹು ಜಾಸ್ತಿ. ಹೋದ ವರ್ಷ ಬೇಸಿಗೆಯಲ್ಲಿ ಕಾಲುವೆ ಬಂದ್ ಆಗಿ ಹೊಂಡದ ನೀರು ಇಳಿಯಿತು. ರೋಗ ಶುರುವಾಯಿತು. ಮೊದಲು ಹುರುಪೆ ಕೆಳಗೆ ಕೆಂಪು ಚುಕ್ಕೆ, ಆಮೇಲೆ ಹುರುಪೆ ಉದುರಿ ರೂಪಾಯಿ ಅಗಲದ ಹುಣ್ಣು. ಕೆಲವಕ್ಕೆ ಹೊಟ್ಟೆ ಉಬ್ಬಿ, ಒತ್ತಿದರೆ ರಕ್ತ ಬೆರೆತ ನೀರು. ಲ್ಯಾಬ್‌ನವರು ಏರೋಮೊನಾಸ್ ಅನ್ನೋ ಬ್ಯಾಕ್ಟೀರಿಯಾ ಅಂತ ಬರೆದುಕೊಟ್ಟರು.

ಆಕ್ಸಿಟೆಟ್ರಾಸೈಕ್ಲಿನ್ ಅನ್ನೋ ಆಂಟಿಬಯೋಟಿಕ್ ತಂದು ಹಿಂಡಿ, ತೌಡಿನಲ್ಲಿ ಕಲಸಿ ಹಾಕಿದೆ. ಹುಷಾರಿಲ್ಲದ ಮೀನು ತಿನ್ನೋದೇ ಇಲ್ಲ, ಅಲ್ವಾ? ತಿಂದದ್ದೆಲ್ಲ ಗಟ್ಟಿ ಇದ್ದ ಮೀನುಗಳೇ. ಮೇಲಿಂದ ಔಷಧಿ ತಿಂದ ಮೀನು ಮೂರು ವಾರ ಮಾರುವ ಹಾಗಿಲ್ಲ. ನೀರಿನ ಕ್ರಿಮಿ ಕೊಲ್ಲೋಕೆ ಪೊಟ್ಯಾಶಿಯಂ ಪರ್ಮಾಂಗನೇಟ್ ಹಾಕಿದರೆ ಆ ರಾಡಿ ನೀರಲ್ಲಿ ನೋಡನೋಡುತ್ತಲೇ ಕಂದು ಬಣ್ಣಕ್ಕೆ ತಿರುಗಿತು, ಕೆಲಸ ಮಾಡಲಿಲ್ಲ. ಔಷಧಿಗೇ 12 ಸಾವಿರ ಹೋಯಿತು. ಸತ್ತ ಮೀನು ಏನಿಲ್ಲ ಅಂದರೂ 7 ಕ್ವಿಂಟಲ್.

ಸುಣ್ಣದ ವಿಷಯಕ್ಕೆ ಬರ್ತೀನಿ. ನನ್ನ ಹೊಂಡದಲ್ಲಿ ಬೇಸಿಗೆ ಮಧ್ಯಾಹ್ನ ಪಿಎಚ್ (ನೀರು ಹುಳಿಯೋ ಕ್ಷಾರವೋ ಅನ್ನೋ ಅಳತೆ, 7ಕ್ಕಿಂತ ಮೇಲಿದ್ದರೆ ಕ್ಷಾರ) 9ರ ಹತ್ತಿರ ಇರುತ್ತದೆ. ಅದರ ಮೇಲೆ ಸುಣ್ಣ ಸುರಿದರೆ ಪಿಎಚ್ ಇನ್ನೂ ಏರಿ, ತಳದ ರಾಡಿಯಿಂದ ಬರುವ ಅಮೋನಿಯಾ ಇನ್ನೂ ವಿಷ. ಸುಣ್ಣ ಹಾಕಿದ ದಿನವೇ ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಹುಳಿ ನೀರಿನವರಿಗೆ ಸುಣ್ಣ ಸರಿ, ಎರೆ ಭೂಮಿಯವರು ಪಿಎಚ್ ನೋಡದೆ ಮುಟ್ಟಬಾರದು.

ಈ ವರ್ಷ, ಇಳಿದ ನೀರಲ್ಲಿ ಮೀನು ದಟ್ಟ ಆಗಬಾರದು ಅಂತ, ಕಾಲುವೆ ಬಂದ್ ಆಗುವ ಮೊದಲೇ ಬಲೆ ಎಳೆಸಿ ಮೂರರಲ್ಲಿ ಒಂದು ಪಾಲು ಮೀನು ಮಾರಿಬಿಟ್ಟೆ. ಮುಕ್ಕಾಲು ಕೆಜಿ ಮೀನು, ಕೆಜಿಗೆ 90 ರೂಪಾಯಿ ಸಿಕ್ಕಿತು. ಬೆಳೆಯೋ ಮೀನು ಮಾರ್ತಾನೆ ಅಂತ ಬೈದರು. ಬೈಯಲಿ. ವಾಪಸ್ ಬಿಡುವ ಮೀನನ್ನೆಲ್ಲ ಉಪ್ಪುನೀರಲ್ಲಿ ಅದ್ದಿ ಬಿಟ್ಟೆ. ಬಿಸಿಲು ಏರಿದಂತೆ ಆಹಾರ ಅರ್ಧಕ್ಕೆ ಇಳಿಸಿದೆ.

ಇನ್ನು ಮೀನು ಹೇನು, ಅಂದರೆ ಮೀನಿನ ಮೈಗೆ ಅಂಟಿ ರಕ್ತ ಹೀರುವ ಸಣ್ಣ ಜೀವಿ. ಅದು ಕಚ್ಚಿದ ಜಾಗದಿಂದಲೂ ರೋಗ ಒಳಗೆ ಹೋಗುತ್ತದೆ. ಹಳೇ ಹಲಗೆ, ಬಿದಿರು ನೀರಲ್ಲಿ ನಿಲ್ಲಿಸಿದೆ. ಹೇನು ಅದರ ಮೇಲೆ ಸಾಲು ಸಾಲಾಗಿ ಮೊಟ್ಟೆ ಅಂಟಿಸುತ್ತದೆ. ವಾರಕ್ಕೊಮ್ಮೆ ಎತ್ತಿ ಬಿಸಿಲಿಗೆ ಒಣಗಿಸೋದು, ಅಷ್ಟೇ. ಹಲಗೆ ಯಾವ ಮೂಲೆಗೆ, ಎಷ್ಟು ಆಳಕ್ಕೆ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ.

ನಡುವೆ ಸುಮ್ನೆ ಒಂದು ಹಾಪಾದಲ್ಲಿ (ಹೊಂಡದೊಳಗೆ ಕಟ್ಟುವ ಬಲೆಯ ಗೂಡು) ಬೆಳ್ಳುಳ್ಳಿ, ಇನ್ನೊಂದರಲ್ಲಿ ಅರಿಶಿನ ಕಲಸಿದ ಹಿಂಡಿ ಹಾಕಿ ನೋಡಿದೆ. ಬೆಳ್ಳುಳ್ಳಿಗೆ ಮೀನು ಮುಗಿಬಿದ್ದವು. ಅರಿಶಿನದಿಂದ ಏನೂ ಫರಕ್ ಕಾಣಲಿಲ್ಲ, ಕೈ ಮಾತ್ರ ಹಳದಿ.

ಈ ಬೇಸಿಗೆ ಸತ್ತದ್ದು 30-40 ಕೆಜಿ ಇರಬೇಕು. ಬಲೆ ಕೂಲಿ, ಉಪ್ಪು, ಬೆಳ್ಳುಳ್ಳಿ ಎಲ್ಲ ಸೇರಿ ಖರ್ಚು 5 ಸಾವಿರದೊಳಗೆ. ಹಲಗೆ ಮನೆಯದೇ.