ಅಟ್ಟದ ಪಕ್ಕದ ಗೋಡೆ ಸುಡುತ್ತಿದೆಯೇ? ಹೀಗೆ ಹೊದಿಸಿ

ಮೂರು ಬೇಸಿಗೆ ಹಿಂದಿನ ಮಾತು. ಏಪ್ರಿಲ್‌ನಲ್ಲಿ ಅವ್ವ ವಿಜಯಪುರದಿಂದ ಪುಣೆಗೆ, ನಿಗಡಿಯ ನಮ್ಮ ಮನೆಗೆ ಬಂದಿದ್ದಳು. ಮಧ್ಯಾಹ್ನ ಊಟ ಮುಗಿಸಿ ಮೇಲಿನ ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು ಮಲಗಿದಳು. ಹತ್ತೇ ನಿಮಿಷಕ್ಕೆ ಎದ್ದು ಚಾಪೆಯನ್ನು ಗೋಡೆಯಿಂದ ದೂರಕ್ಕೆ ಎಳೆದುಕೊಂಡಳು. "ಏನ್ ಗ್ವಾಡಿನೋ ಇದು, ಒಲಿ ಮಗ್ಗಲಕ್ಕ ಮಲಗಿದಂಗ ಆತು" ಅಂದಳು.

ನಾನು ಅಂಗೈ ಇಟ್ಟು ನೋಡಿದೆ. ನಿಜಕ್ಕೂ ಕಾದಿತ್ತು. ಹಿಂದಿನ ವರ್ಷವಷ್ಟೇ ಚಾವಣಿಗೆ ಬಿಳಿ ಬಣ್ಣ ಬಳಿಸಿದ್ದೆ. ಬಿಸಿಲು ಮೇಲಿಂದ ತಾನೇ ಬರೋದು, ಮೇಲೆ ನೋಡಿಕೊಂಡರೆ ಸಾಕು ಎಂದುಕೊಂಡಿದ್ದೆ. ಆ ಗೋಡೆಯ ಹಿಂದೆ ಅಟ್ಟ ಇದೆ ಎಂಬುದು ತಲೆಗೇ ಹೊಳೆದಿರಲಿಲ್ಲ.

ಪುಣೆ, ಪಿಂಪ್ರಿ-ಚಿಂಚವಡದ ಬಂಗಲೆ, ರೋ ಹೌಸ್‌ಗಳಲ್ಲಿ ಈ ವಿನ್ಯಾಸ ಸಾಕಷ್ಟು ಕಾಣುತ್ತದೆ. ನಡುವೆ ಎತ್ತರದ ಹಾಲ್, ಅದರ ಸೂರು ಇಳಿಜಾರು ಚಾವಣಿಯ ನೆತ್ತಿಯವರೆಗೂ ಹೋಗಿರುತ್ತದೆ. ಅಕ್ಕಪಕ್ಕ, ಚಾವಣಿ ತಗ್ಗುವ ಕಡೆ, ಹಳೇ ಟ್ರಂಕು, ಗಾದಿ, ಗಣಪತಿ ಹಬ್ಬದ ಮಂಟಪ ಇಡುವ ಅಟ್ಟ. ಇಲ್ಲಿನ ಮಿಸ್ತ್ರಿಗಳಿಗೆ 'ಪೋಟಮಾಳಾ' ಅಂದರೆ ತಕ್ಷಣ ಗೊತ್ತಾಗುತ್ತದೆ. ಹಾಲ್‌ಗೂ ಅಟ್ಟಕ್ಕೂ ನಡುವೆ ಇರುವುದು ನಾಲ್ಕು ಇಂಚಿನ ಇಟ್ಟಿಗೆ ಗೋಡೆ, ಇಲ್ಲವೇ ಬರೀ ಜಿಪ್ಸಮ್ ಬೋರ್ಡ್. ಬೇಸಿಗೆಯ ಮಧ್ಯಾಹ್ನ ಅಟ್ಟದ ಗಾಳಿ ಹೊರಗಿನ ಗಾಳಿಗಿಂತ ಜಾಸ್ತಿ ಕಾಯುತ್ತದೆ. ಅಂದರೆ ನಮಗೆ ಒಳಗೋಡೆಯಂತೆ ಕಾಣುವ ಇದು ಹೊರಗೋಡೆಗಿಂತಲೂ ಹೆಚ್ಚು ಸೆಕೆ ಹೊತ್ತ ಗೋಡೆ. ಹಾಲ್‌ನ ಬಿಸಿ ಗಾಳಿಯೂ ಮೇಲೇರಿ ಅಲ್ಲೇ ನಿಲ್ಲುತ್ತದೆ. ನಮ್ಮೂರ ಮೇಲ್ಮುದ್ದೆ ಮನೆಯಲ್ಲಿ ಜಂತಿಯ ಮೇಲೆ ದಪ್ಪ ಮಣ್ಣು, ಸುತ್ತ ಎರಡಡಿಯ ಗೋಡೆ. ಬಿಸಿಲು ಒಳಗೆ ಇಳಿಯುವಷ್ಟರಲ್ಲಿ ಸಂಜೆ ಆಗಿರುತ್ತಿತ್ತು. ಇಲ್ಲಿ ಆ ದಪ್ಪ ಇಲ್ಲ. ಅದನ್ನು ನಾವೇ ತಂದು ಹಾಕಬೇಕು.

ಎಷ್ಟು ಬಿಸಿ ಬರುತ್ತಿದೆ?

ಒಂದು ಸಣ್ಣ ಲೆಕ್ಕ ನೋಡಿ. ಎರಡೂ ಬದಿ ಸೇರಿ ಅಟ್ಟದ ಗೋಡೆ 20 ಚದರ ಮೀಟರ್, ಅಂದರೆ ಸುಮಾರು 215 ಚದರ ಅಡಿ ಇದೆ ಅನ್ನಿ. ಅಟ್ಟಕ್ಕೂ ಹಾಲ್‌ಗೂ 15 ಡಿಗ್ರಿ ವ್ಯತ್ಯಾಸ ಇದೆ. ಗಾರೆ ಮಾಡಿದ ನಾಲ್ಕು ಇಂಚಿನ ಇಟ್ಟಿಗೆ ಗೋಡೆಯಲ್ಲಿ ಪ್ರತಿ ಚದರ ಮೀಟರ್‌ಗೆ, ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 2.5 ವ್ಯಾಟ್ ಶಾಖ ದಾಟುತ್ತದೆ. ಇದಕ್ಕೆ ಯು-ಮೌಲ್ಯ ಅನ್ನುತ್ತಾರೆ. ಮೂರನ್ನೂ ಗುಣಿಸಿದರೆ 750 ವ್ಯಾಟ್. ಒಂದು ಇಸ್ತ್ರಿ ಪೆಟ್ಟಿಗೆಯನ್ನು ಮಧ್ಯಾಹ್ನವಿಡೀ ಹಾಲ್‌ನಲ್ಲಿ ಹಚ್ಚಿಟ್ಟ ಹಾಗೆ!

ಅದೇ ಗೋಡೆಗೆ ಎರಡು ಇಂಚಿನ ರಾಕ್ ವೂಲ್, ಅಂದರೆ ಕಲ್ಲು ಕರಗಿಸಿ ಉಣ್ಣೆಯಂತೆ ಎಳೆ ಮಾಡಿದ ಹೊದಿಕೆ, ಹೊದಿಸಿದರೆ ಯು-ಮೌಲ್ಯ 0.6ರ ಆಸುಪಾಸಿಗೆ ಇಳಿಯುತ್ತದೆ. 750 ವ್ಯಾಟ್ ಇದ್ದದ್ದು 180 ಆಗುತ್ತದೆ. ಹೊಸ ವಸತಿ ಕಟ್ಟಡಗಳಿಗಾಗಿ 2018ರಲ್ಲಿ ಬಂದ ಕೇಂದ್ರದ 'ಇಕೋ ನಿವಾಸ್ ಸಂಹಿತೆ' ಚಾವಣಿಯ ಯು-ಮೌಲ್ಯಕ್ಕೆ 1.2ರ ಮಿತಿ ಹಾಕಿದೆ. ಅಟ್ಟದ ಗೋಡೆಯೂ ಚಾವಣಿಯ ಬಿಸಿಯನ್ನೇ ಎದುರಿಸುವುದರಿಂದ ಅದನ್ನೂ ಇದೇ ಅಳತೆಯಲ್ಲಿ ನೋಡುವುದು ಸರಿ ಅಂತ ನನ್ನ ಅಭಿಪ್ರಾಯ.

ಮೊದಲು ಸಂದು ಹುಡುಕಿ

ಎಲ್ಲರೂ ಅಂಗಡಿಗೆ ಹೋಗಿ ಸಾಮಾನು ತರುವುದರಿಂದ ಶುರು ಮಾಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಬಿಸಿ ಗಾಳಿ ನುಗ್ಗುವ ಸಂದುಗಳನ್ನು ಬಿಟ್ಟು ಮೇಲೆ ಎಷ್ಟೇ ದಪ್ಪ ಹೊದಿಸಿದರೂ ಹರಿದ ಕಂಬಳಿ ಹೊದ್ದ ಹಾಗೆ.

ರಾತ್ರಿ ಅಟ್ಟದಲ್ಲಿ ಒಂದು ಜೋರು ದೀಪ ಹಚ್ಚಿಡಿ. ಹಾಲ್‌ನ ದೀಪಗಳನ್ನೆಲ್ಲ ಆರಿಸಿ. ಎಲ್ಲೆಲ್ಲಿ ಬೆಳಕಿನ ಗೆರೆ ಕಾಣುತ್ತದೋ ಅಲ್ಲೆಲ್ಲ ಪೆನ್ಸಿಲ್‌ನಲ್ಲಿ ಗುರುತು ಮಾಡಿ. ಕಾಣದ ಸಂದುಗಳಿಗೆ ಊದುಬತ್ತಿ ಇದೆ. ಮಧ್ಯಾಹ್ನ ಮೂರು ಗಂಟೆಗೆ ಫ್ಯಾನ್ ಆರಿಸಿ, ಹಚ್ಚಿದ ಊದುಬತ್ತಿಯನ್ನು ಗೋಡೆ ಮತ್ತು ಸೂರು ಕೂಡುವ ಮೂಲೆಯಲ್ಲಿ ನಿಧಾನವಾಗಿ ಸರಿಸುತ್ತಾ ಹೋಗಿ. ಹೊಗೆ ನೆಟ್ಟಗೆ ಮೇಲೇರುತ್ತಿದ್ದರೆ ತೊಂದರೆ ಇಲ್ಲ. ನಮ್ಮ ಮನೆಯಲ್ಲಿ ಸ್ವಿಚ್ ಬೋರ್ಡಿನ ಪೈಪ್ ಗೋಡೆಯೊಳಗೆ ಹೋಗುವ ಕಡೆ ಹೊಗೆ ಸಣ್ಣ ದಾರದಂತೆ ಎಳೆದುಕೊಂಡು, ಬಾಗಿ, ತೂತಿನೊಳಗೆ ಹೋಯಿತು. ಅಂಥ ಹನ್ನೊಂದು ಜಾಗ ಸಿಕ್ಕವು.

ಕೂದಲೆಳೆಯ ಬಿರುಕಿಗೆ ಅಕ್ರಿಲಿಕ್ ಸೀಲಂಟ್ ಸಾಕು. ಬೆರಳು ತೂರುವಂಥ ಸಂದಿಗೆ ಪಿಯು ಫೋಮ್ (ಪಾಲಿಯುರೆಥೇನ್ ನೊರೆ) ಕ್ಯಾನ್ ಬೇಕು. ಅದು ಉಬ್ಬುತ್ತದೆ, ಹಾಗಾಗಿ ಅರ್ಧ ಮಾತ್ರ ತುಂಬಿಸಿ, ಗಟ್ಟಿಯಾದ ಮೇಲೆ ಉಳಿದದ್ದನ್ನು ಚಾಕುವಿನಿಂದ ಕತ್ತರಿಸಿ. ಕೈಗವಸು ಇಲ್ಲದೆ ಮುಟ್ಟಬೇಡಿ, ಚರ್ಮಕ್ಕೆ ಅಂಟಿದರೆ ದಿನಗಟ್ಟಲೆ ಹೋಗುವುದಿಲ್ಲ. ಇನ್ನೂ ದೊಡ್ಡ ತೂತಿದ್ದರೆ ತಂತಿ ಜಾಲರಿ ಹಾಕಿ ಸಿಮೆಂಟ್ ಗಾರೆ ಮಾಡಿಸಿ. ಫೋಮ್ ಒಂದನ್ನೇ ಹಾಕಿದರೆ ಇಲಿ ಕೊರೆಯುತ್ತದೆ.

ಇಲ್ಲೇ ಇನ್ನೊಂದು ಜಾಗ ನೋಡಬೇಕು, ಇದನ್ನು ಹೆಚ್ಚಿನವರು ಬಿಡುತ್ತಾರೆ. ಅಟ್ಟದ ನೆಲ ಕಾಂಕ್ರೀಟ್ ಆಗಿದ್ದರೆ ಚಿಂತೆ ಇಲ್ಲ. ಕಟ್ಟಿಗೆ ತೊಲೆ ಅಥವಾ ಕಬ್ಬಿಣದ ಚೌಕಟ್ಟಿನ ಮೇಲೆ ಹಲಗೆ ಹಾಕಿದ ನೆಲವಾಗಿದ್ದರೆ, ಗೋಡೆಯ ಬುಡದಲ್ಲಿ ತೊಲೆಗಳ ನಡುವೆ ಪೊಳ್ಳು ಇರುತ್ತದೆ. ಅಟ್ಟದ ಬಿಸಿ ಗಾಳಿ ಆ ಪೊಳ್ಳಿನ ಮೂಲಕ ಪಕ್ಕದ ಕೋಣೆಯ ಫಾಲ್ಸ್ ಸೀಲಿಂಗ್ ಮೇಲೆಲ್ಲ ಹರಿದಾಡುತ್ತದೆ. ಪ್ರತಿ ಪೊಳ್ಳಿನ ಅಳತೆಗೆ ಸಿಮೆಂಟ್ ಫೈಬರ್ ಬೋರ್ಡ್ ತುಂಡು ಕತ್ತರಿಸಿ, ಗೋಡೆಯ ನೇರ ಕೆಳಗೆ ನಿಲ್ಲಿಸಿ, ಸುತ್ತ ಫೋಮ್ ಹೊಡೆಯಿರಿ.

ಏನು ತರಬೇಕು

ನನ್ನ ಸಲಹೆ ರಾಕ್ ವೂಲ್ ಸ್ಲ್ಯಾಬ್. ಒಂದು ಬದಿಗೆ ಅಲ್ಯೂಮಿನಿಯಂ ಹಾಳೆ ಇರುವಂಥದ್ದು, 50 ಮಿಲಿಮೀಟರ್ ದಪ್ಪ, ಸಾಂದ್ರತೆ ಘನ ಮೀಟರ್‌ಗೆ 48 ಕಿಲೋ. ಒಂದು ಮೀಟರ್ ಉದ್ದ, 60 ಸೆಂಟಿಮೀಟರ್ ಅಗಲದ ಸ್ಲ್ಯಾಬ್ ಒಂದೂವರೆ ಕಿಲೋ ಕೂಡ ತೂಗುವುದಿಲ್ಲ. ಆದರೆ ಶಾಖ ತಡೆಯುವುದರಲ್ಲಿ ಅದು ಹೆಚ್ಚುಕಡಿಮೆ ಮೂರಡಿ ದಪ್ಪದ ಇಟ್ಟಿಗೆ ಗೋಡೆಗೆ ಸಮ. 20 ಚದರ ಮೀಟರ್‌ಗೆ 34 ಸ್ಲ್ಯಾಬ್ ಬೇಕು. ಕತ್ತರಿಸುವಾಗ ಹಾಳಾಗುವುದು ಸೇರಿ 38 ತನ್ನಿ. ಕಟ್ಟಿಗೆ ಪಟ್ಟಿ, ಬೋರ್ಡ್ ಎಲ್ಲ ಭವಾನಿ ಪೇಠದ ಟಿಂಬರ್ ಮಾರ್ಕೆಟ್ ಕಡೆ ಸಿಗುತ್ತವೆ.

ಥರ್ಮಾಕೋಲ್ ಅಗ್ಗ, ಹಗುರ. ಶಾಖವನ್ನೂ ಚೆನ್ನಾಗಿಯೇ ತಡೆಯುತ್ತದೆ. ಆದರೂ ಅಟ್ಟದಲ್ಲಿ ಬೇಡ ಅಂತಲೇ ಹೇಳುತ್ತೇನೆ. ಬೆಂಕಿ ತಗುಲಿದರೆ ಕರಗಿ ಹನಿಹನಿಯಾಗಿ ಬೀಳುತ್ತದೆ, ವಿಷದ ಹೊಗೆ ಬಿಡುತ್ತದೆ. ಪಿವಿಸಿ ವೈರ್‌ಗೆ ತಾಗಿಕೊಂಡಿದ್ದರೆ ವೈರಿನ ಹೊದಿಕೆ ಕಾಲಕ್ರಮೇಣ ಗಡುಸಾಗಿ ಸಿಡಿಯುತ್ತದೆ. ರಾಕ್ ವೂಲ್ ಹೊತ್ತಿ ಉರಿಯುವುದಿಲ್ಲ.

ಹೊದಿಸುವ ಕೆಲಸ

ಇದಕ್ಕೆ ಒಳ್ಳೆಯ ಕಾಲ ದೀಪಾವಳಿಯಿಂದ ಸಂಕ್ರಾಂತಿವರೆಗೆ. ಮಳೆಗಾಲ ಮುಗಿದಿರುತ್ತದೆ, ಸೋರಿದ ಕಲೆ ಎಲ್ಲಿದೆ ಅಂತ ಕಾಣುತ್ತದೆ, ಅಟ್ಟವೂ ತಂಪಾಗಿರುತ್ತದೆ. ಸೋರಿಕೆ ಇದ್ದರೆ ಮೊದಲು ಅದನ್ನು ಸರಿಪಡಿಸಿ. ಬೇಸಿಗೆಯಲ್ಲೇ ಮಾಡಲೇಬೇಕಾದರೆ ಬೆಳಗ್ಗೆ ಆರರಿಂದ ಒಂಬತ್ತು, ಅಷ್ಟೇ. ಆಮೇಲೆ ಅಟ್ಟದಲ್ಲಿ ಇರಬೇಡಿ, ತಲೆ ಸುತ್ತಿ ಬೀಳುವವರಿದ್ದಾರೆ. ತುಂಬು ತೋಳಿನ ಅಂಗಿ, ಕೈಗವಸು, ಎನ್‌95 ಮಾಸ್ಕ್, ಕನ್ನಡಕ ಬೇಕೇ ಬೇಕು. ರಾಕ್ ವೂಲ್‌ನ ಎಳೆ ಮೈಗೆ ತಾಗಿದರೆ ಕೆರೆತ. ಫಾಲ್ಸ್ ಸೀಲಿಂಗ್ ಮೇಲೆ ಕಾಲಿಡಬೇಡಿ, ತೊಲೆಯಿಂದ ತೊಲೆಗೆ ಹಲಗೆ ಹಾಸಿ ಅದರ ಮೇಲೆ ನಡೆಯಿರಿ. ಮೇಲೆ ಹಳೆಯ ಆಸ್ಬೆಸ್ಟಾಸ್ ಶೀಟ್ ಇದ್ದರೆ ಅದನ್ನು ಕೊರೆಯಬೇಡಿ, ಉಜ್ಜಬೇಡಿ, ಮುರಿಯಬೇಡಿ.

ಎಲೆಕ್ಟ್ರಿಷಿಯನ್‌ಗೆ ಒಂದು ಸಲ ತೋರಿಸಿ. ಬಿರುಕು ಬಿಟ್ಟ ವೈರ್ ಬದಲಿಸಿ, ಜಂಕ್ಷನ್ ಬಾಕ್ಸ್‌ಗಳು ಹೊದಿಕೆಯ ಹೊರಗೇ ಇರಲಿ. ಗೋಡೆಯೊಳಗೆ ಕೂರಿಸಿದ ದೀಪಗಳ ಸುತ್ತ ಮೂರು ಇಂಚು ಜಾಗ ಬಿಡಿ.

ಗೋಡೆ ಇಟ್ಟಿಗೆಯದಾದರೆ ಅಟ್ಟದ ಕಡೆಯಿಂದ ಎರಡು ಇಂಚು ದಪ್ಪದ ಕಟ್ಟಿಗೆ ಪಟ್ಟಿಗಳನ್ನು ನಿಲುವಾಗಿ ಹೊಡೆಸಿ. ಗೆದ್ದಲು ಔಷಧಿ ಬಳಿದ ಪಟ್ಟಿ ಇರಲಿ. ಎರಡು ಪಟ್ಟಿಗಳ ನಡುವಿನ ಜಾಗ ಸ್ಲ್ಯಾಬ್‌ನ ಅಗಲಕ್ಕಿಂತ ಒಂದು ಸೆಂಟಿಮೀಟರ್ ಕಡಿಮೆ, ಅಂದರೆ 59 ಸೆಂಟಿಮೀಟರ್ ಇಟ್ಟರೆ ಸ್ಲ್ಯಾಬ್ ತಾನಾಗಿಯೇ ಬಿಗಿಯಾಗಿ ಕೂರುತ್ತದೆ. ಜಿಪ್ಸಮ್ ಬೋರ್ಡ್ ಗೋಡೆಯಾದರೆ ಚೌಕಟ್ಟು ಮೊದಲೇ ಇರುತ್ತದೆ, ಅದರ ಮನೆಗಳಲ್ಲೇ ತುಂಬಿಸಿ. ಕತ್ತರಿಸಲು ಬ್ರೆಡ್ ಕೊಯ್ಯುವ ಹಲ್ಲಿನ ಚಾಕುವಿನಷ್ಟು ಒಳ್ಳೆಯ ಸಾಧನ ಇನ್ನೊಂದಿಲ್ಲ. ಸ್ಲ್ಯಾಬನ್ನು ಗೋಡೆಗೆ ತಾಗುವಂತೆ ಕೂರಿಸಿ, ಆದರೆ ಒತ್ತಿ ಅಪ್ಪಚ್ಚಿ ಮಾಡಬೇಡಿ. ಒಳಗೆ ಹಿಡಿದಿಟ್ಟ ಗಾಳಿಯೇ ಅದರ ಶಕ್ತಿ. ಅಲ್ಯೂಮಿನಿಯಂ ಮೈ ಅಟ್ಟದ ಕಡೆಗೆ ಬರಲಿ. ಪೈಪ್ ಅಡ್ಡ ಬಂದರೆ ಸ್ಲ್ಯಾಬನ್ನು ದಪ್ಪದಲ್ಲಿ ಸೀಳಿ, ಅರ್ಧ ಪೈಪಿನ ಹಿಂದೆ, ಅರ್ಧ ಮುಂದೆ ಹಾಕಿ.

ಇಷ್ಟಾದ ಮೇಲೆ ಬರುವ ಹೆಜ್ಜೆಯೇ ಅತಿ ಮುಖ್ಯ. ನಾನು ಎಡವಿದ್ದೂ ಇಲ್ಲೇ. ಮೊದಲ ಸಲ ಕೆಲಸ ಹಿಡಿದ ಗುತ್ತಿಗೆದಾರರು ಹಾಳೆ ಇಲ್ಲದ ಸ್ಲ್ಯಾಬ್ ತಂದು, ಹಾಗೇ ತುಂಬಿಸಿ, ಹಿಂಬದಿ ತೆರೆದಿಟ್ಟು ಹೋದರು. ಮುಂದಿನ ಮೇ ತಿಂಗಳಲ್ಲಿ ಗೋಡೆ ಮತ್ತೆ ಬೆಚ್ಚಗೆ. ಅಟ್ಟಕ್ಕೆ ಹೋಗಿ ನೋಡಿದರೆ ಎರಡು ಸ್ಲ್ಯಾಬ್ ಜೋತುಬಿದ್ದಿದ್ದವು, ಉಳಿದವುಗಳ ಎಳೆಗಳ ನಡುವೆ ಬಿಸಿ ಗಾಳಿ ಆಡುತ್ತಿತ್ತು. ಸ್ವೆಟರ್ ಹಾಕಿಕೊಂಡು ಬೈಕ್ ಮೇಲೆ ಹೋದರೆ ಚಳಿ ಒಳಗೇ ನುಗ್ಗುತ್ತದೆ, ಮೇಲೊಂದು ಜಾಕೆಟ್ ಬೇಕು ಅಲ್ವಾ? ಹಾಗೆಯೇ ಇದು. ಪಟ್ಟಿಗಳ ಮೇಲೆ 6 ಮಿಲಿಮೀಟರ್ ಸಿಮೆಂಟ್ ಫೈಬರ್ ಬೋರ್ಡ್ ಅಥವಾ ಜಿಪ್ಸಮ್ ಬೋರ್ಡ್ ಹೊಡೆಸಿ, ಎಲ್ಲ ಜೋಡಣೆಗಳಿಗೂ ಟೇಪ್ ಹಾಕಿ. ರಾಕ್ ವೂಲ್‌ಗೆ ಆರೂ ಕಡೆ ಮುಚ್ಚಿದ ಪೆಟ್ಟಿಗೆ ಆಗಬೇಕು. ಬೋರ್ಡ್‌ಗೆ ಹಣ ಸಾಲದಿದ್ದರೆ ಸ್ಲ್ಯಾಬಿನ ಹಾಳೆಯ ಜೋಡಣೆಗಳಿಗಾದರೂ ಅಲ್ಯೂಮಿನಿಯಂ ಟೇಪ್ ಹಚ್ಚಿ. ಟ್ರಂಕು ತಗುಲಿ ಹರಿಯದಂತೆ ನೋಡಿಕೊಳ್ಳಬೇಕು, ಅಷ್ಟೇ.

ಅಟ್ಟದ ಬಾಗಿಲು ಮರೆಯಬೇಡಿ

ಎರಡಡಿಯ ಆ ಪುಟ್ಟ ಪ್ಲೈವುಡ್ ಬಾಗಿಲು ಇಡೀ ಕೆಲಸವನ್ನು ಕೆಡಿಸಬಲ್ಲದು. ಬಾಗಿಲಿನ ಹಿಂಬದಿಗೆ ಅದೇ ಸ್ಲ್ಯಾಬ್ ಹಚ್ಚಿ, ಮೇಲೆ ತೆಳು ಬೋರ್ಡ್ ಹೊಡೆಸಿ. ಚೌಕಟ್ಟಿನ ಸುತ್ತ ರಬ್ಬರ್ ಪಟ್ಟಿ ಅಂಟಿಸಿ. ಸುಮ್ನೆ ಒತ್ತಿದರೆ ಮುಚ್ಚುವ ಮ್ಯಾಗ್ನೆಟ್ ಬೇಡ. ಎಳೆದು ಬಿಗಿಯುವ ಚಿಲಕ ಬೇಕು. ಒಂದು ಕಾಗದದ ಹಾಳೆ ಸಿಕ್ಕಿಸಿ ಬಾಗಿಲು ಹಾಕಿ ಎಳೆದು ನೋಡಿ. ಹಾಳೆ ಸಲೀಸಾಗಿ ಬಂದರೆ ಅಲ್ಲಿ ಸಂದು ಉಳಿದಿದೆ ಎಂದರ್ಥ.

ಅಟ್ಟದ ಹೊರಗೋಡೆಯ ಜಾಲಿ ಕಿಂಡಿಗಳನ್ನು ಮಾತ್ರ ಮುಚ್ಚಬೇಡಿ. ಬಿಸಿಯೂ ತೇವವೂ ಹೊರಗೆ ಹೋಗುವ ದಾರಿ ಅದೊಂದೇ. ಇಲಿ, ಪಾರಿವಾಳ ಬಾರದ ಹಾಗೆ ಜಾಲರಿ ಹಾಕಿ. ಇನ್ನಷ್ಟು ಖರ್ಚು ಮಾಡುವವರು ಇಳಿಜಾರಿನ ಅಡಿಗೆ ಹೊಳೆಯುವ ಅಲ್ಯೂಮಿನಿಯಂ ಹಾಳೆ ಕಟ್ಟಿಸಬಹುದು. ಹೊಳಪು ಕೆಳಮುಖವಾಗಿರಲಿ, ಮೇಲೆ ಧೂಳು ಕೂರುವುದಿಲ್ಲ. ಹಾಳೆಗೂ ಚಾವಣಿಗೂ ನಡುವೆ ಒಂದು ಇಂಚು ಗಾಳಿ ಬಿಡಿ, ತಾಗಿಸಿ ಅಂಟಿಸಿದರೆ ಕೆಲಸ ಮಾಡುವುದಿಲ್ಲ.

ಹಾಲ್‌ನ ಮೇಲ್ತುದಿಯ ಗವಾಕ್ಷಿಗಳನ್ನು ಬೇಸಿಗೆಯಲ್ಲಿ ರಾತ್ರಿ ತೆರೆದಿಡಿ, ಬೆಳಗ್ಗೆ ಎಂಟರೊಳಗೆ ಮುಚ್ಚಿ. ಪುಣೆಯ ರಾತ್ರಿ ತಣ್ಣಗಾಗುತ್ತದಲ್ಲ, ಆ ತಂಪು ಮಧ್ಯಾಹ್ನದವರೆಗೂ ಉಳಿಯುತ್ತದೆ.

ಕೆಲಸ ಫಲ ಕೊಟ್ಟಿದೆಯೇ ಎಂದು ನೋಡಲು ಅಂಗೈ ಸಾಕು. ಮಧ್ಯಾಹ್ನ ಮೂರಕ್ಕೆ ಅಟ್ಟದ ಗೋಡೆ ಮುಟ್ಟಿ, ಆಮೇಲೆ ಮನೆಯ ನಡುವಿನ ಬೇರೆ ಗೋಡೆ ಮುಟ್ಟಿ. ಎರಡೂ ಒಂದೇ ಥರ ಅನಿಸಬೇಕು. ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಗೋಡೆಗೆ ಹಿಡಿಯಿರಿ. ಹೊಳೆಯುವ ಹಾಳೆಗೆ ನೇರ ಹಿಡಿದರೆ ಅದು ತಪ್ಪು ಅಂಕಿ ತೋರಿಸುತ್ತದೆ, ಒಂದು ತುಂಡು ಮಾಸ್ಕಿಂಗ್ ಟೇಪ್ ಅಂಟಿಸಿ ಅದರ ಮೇಲೆ ಅಳೆಯಿರಿ.

ಜೂನ್‌ನ ಮೊದಲ ಜೋರು ಮಳೆ ಬಿದ್ದ ಮರುದಿನ ಟಾರ್ಚ್ ಹಿಡಿದು ಒಮ್ಮೆ ಅಟ್ಟ ಹೊಕ್ಕು ಬನ್ನಿ. ಬೋರ್ಡ್ ಮೇಲೆ ನೀರಿನ ಗೆರೆ ಕಂಡರೆ ಅಷ್ಟು ಜಾಗದ ಬೋರ್ಡ್ ಬಿಚ್ಚಿ, ನೆನೆದ ಸ್ಲ್ಯಾಬ್ ತೆಗೆದು ನಿಲ್ಲಿಸಿ ಒಣಗಿಸಿ. ಸೋರಿಕೆ ನಿಂತ ಮೇಲೆ ವಾಪಸ್ ಕೂರಿಸಿದರಾಯಿತು.